ಮೂರನೇ ತಟ್ಟೆ

ಅವಳ ಮುತ್ತಜ್ಜ ಬಾವಿ ತೋಡುವವನು. ಹನ್ನೊಂದು ಬಾವಿ ತೋಡಿದ, ಒಂದೂ ಹುಸಿ ಹೋಗಲಿಲ್ಲ. ನೆಲಕ್ಕೆ ಕಿವಿಯಿಟ್ಟು ನೀರಿನ ಸದ್ದು ಕೇಳುತ್ತಾನೆ ಎಂದು ಜನ ಹೇಳಿಕೊಳ್ಳುತ್ತಿದ್ದರು. ಹನ್ನೆರಡನೆಯದು ಎರಡಾಳು ಆಳಕ್ಕೆ ಇಳಿದಿದ್ದಾಗ ಅವನ ತೊಡೆಯ ಮೂಳೆಯಲ್ಲಿ ಬಾವು ಎದ್ದಿತು. ಮೂವತ್ತೆಂಟಕ್ಕೆ ಕಣ್ಣು ಮುಚ್ಚಿದ. ಬಾವಿಯ ತಳದ ಕೆಟ್ಟ ಗಾಳಿ ಮೂಳೆಗೆ ಇಳಿಯಿತು ಅಂದರು.

ಅವನ ಮಗಳು, ಅಂದರೆ ಇವಳ ಅಜ್ಜಿ, ಹೊಳೆ ದಾಟಿಸುವ ದೋಣಿಯವಳು. ನೆರೆ ಬಂದ ವರ್ಷ ಒಂದೇ ಹಗಲಿನಲ್ಲಿ ನಲವತ್ತು ಜನರನ್ನೂ ಎರಡು ಹಸುಗಳನ್ನೂ ಒಂದು ಹೊಲಿಗೆ ಯಂತ್ರವನ್ನೂ ದಡ ಮುಟ್ಟಿಸಿದ ಗಟ್ಟಿಗಿತ್ತಿ. ಯಂತ್ರ ಬಿಟ್ಟು ಬರುವುದೇ ಇಲ್ಲವೆಂದು ಅದರ ಒಡತಿ ಹಟ ಹಿಡಿದಾಗ, "ಸರಿ, ಯಂತ್ರ ದೋಣೀಲಿ ಬರಲಿ, ನೀನು ಈಜ್ಕೊಂಡು ಬಾ" ಅಂದಿದ್ದಳಂತೆ. ಎದೆಯಲ್ಲಿ ಗಂಟು ಕಂಡಾಗ ಅವಳಿಗೆ ಮೂವತ್ತಮೂರು, ಹೋದಾಗ ಮೂವತ್ತನಾಲ್ಕು. ಹುಟ್ಟು ಹಾಕಿ ಹಾಕಿ ಎದೆಗೆ ಪೆಟ್ಟಾಯಿತು ಅಂದರು.

ಅಜ್ಜಿಯ ಮಗ, ಇವಳ ಅಪ್ಪ, ಎತ್ತರದ ಗೋಡೆಗಳಿಗೆ ಬಣ್ಣ ಹೊಡೆಯುವವನು. ಗಡಿಯಾರದ ಗೋಪುರಕ್ಕೆ ಬಣ್ಣ ಹೊಡೆಯಲು ಮೂರು ಮೇಸ್ತ್ರಿಗಳು ಒಲ್ಲೆ ಅಂದಾಗ ಸೊಂಟಕ್ಕೆ ಹಗ್ಗ ಬಿಗಿದು ಹತ್ತಿದವನು ಅವನೇ. ನಲವತ್ತೊಂದಕ್ಕೆ ತಲೆಯೊಳಗೆ ಗಡ್ಡೆ ಬೆಳೆಯಿತು. ಬಣ್ಣದ ವಾಸನೆ ಮಿದುಳಿಗೇರಿತು ಅಂದರು. ಇವಳ ಬೆನ್ನಿಗೆ ಹುಟ್ಟಿದ ತಮ್ಮನೊಬ್ಬನಿದ್ದ. ಬೀದಿಯ ನಾಯಿಗಳಿಗೆಲ್ಲ ಹೆಸರಿಟ್ಟು ಕರೆಯುತ್ತಿದ್ದ, ಅವೂ ಬರುತ್ತಿದ್ದವು. ನಾಲ್ಕನೇ ವರ್ಷಕ್ಕೇ ಹೊಟ್ಟೆಯಲ್ಲಿ ಗಡ್ಡೆಯಾಗಿ ಹೋದ. ಮಣ್ಣು ತಿನ್ನುತ್ತಿದ್ದ, ಅದಕ್ಕೇ ಹಾಗಾಯಿತು ಅಂದರು.

ಹೀಗೆ ಒಂದೊಂದು ಸಾವಿಗೂ ಅದರದೇ ಆದ ಕಾರಣ ಕೈಗೆಟುಕುವಷ್ಟು ಹತ್ತಿರದಲ್ಲೇ ಸಿಕ್ಕಿಬಿಟ್ಟಿತ್ತು. ಗಾಳಿ, ಹುಟ್ಟು, ಬಣ್ಣ, ಮಣ್ಣು. ನಾಲ್ಕನ್ನೂ ಒಂದು ದಾರಕ್ಕೆ ಪೋಣಿಸಿ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ಇವಳೂ ಹೋಗಲಿಲ್ಲ. ಅಪ್ಪನ ವಯಸ್ಸು ದಾಟಿದ ದಿನ ಮಾತ್ರ, ಯಾರಿಗೂ ಹೇಳದೆ, ಒಳಗೊಳಗೇ ಒಂದು ನಿಟ್ಟುಸಿರು ಬಿಟ್ಟಿದ್ದಳು. ಈಗ ಅವಳಿಗೆ ನಲವತ್ತೇಳು.

ಹತ್ತೊಂಬತ್ತನೇ ವಯಸ್ಸಿಗೆ ಅವಳು ಆ ಸಂಶೋಧನಾಲಯಕ್ಕೆ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದ್ದು. ಓದು ಅರ್ಧಕ್ಕೆ ನಿಂತಿತ್ತು. ಕಣ್ಣು ಮಾತ್ರ ನಿಂತಿರಲಿಲ್ಲ. ತೊಳೆಯುತ್ತಾ ತೊಳೆಯುತ್ತಾ ಯಾವ ಸೀಸೆಯಲ್ಲಿ ಏನಿತ್ತು, ಯಾಕಿತ್ತು ಎಂದು ಕೇಳಿ ತಿಳಿದುಕೊಂಡಳು. ಐದನೇ ವರ್ಷಕ್ಕೆ ಕೋಶಗಳಿಗೆ ಆಹಾರದ ದ್ರವ ಬದಲಿಸುವುದು ಅವಳ ಪಾಲಿಗೆ ಬಂತು. ಹತ್ತನೇ ವರ್ಷಕ್ಕೆ ಕೋಶಗಳ ಕೋಣೆಯೇ ಅವಳದಾಯಿತು. ಉದ್ದನೆಯ ಕೋಣೆ, ಕಿಟಕಿಯಿಲ್ಲ. ಎಡಕ್ಕೆ ಸೋಸಿದ ಗಾಳಿ ಸದಾ ಸುಯ್ಗುಡುವ ಎರಡು ಗಾಜಿನ ಗೂಡು, ಬಲಕ್ಕೆ ಮೈಯಷ್ಟೇ ಬಿಸಿಯಿರುವ ನಾಲ್ಕು ಕಾವುಪೆಟ್ಟಿಗೆ, ಕೊನೆಯಲ್ಲಿ ಒಂದು ಸೂಕ್ಷ್ಮದರ್ಶಕ. ನಡುವೆ ಮದುವೆಯಾಗಿತ್ತು, ಒಬ್ಬಳು ಮಗಳು. ಅವಳಿಗೆ ಎರಡು ವರ್ಷವಿದ್ದಾಗ ಗಂಡನೆಂಬಾತ ಬೇರೆ ಸಂಸಾರ ಕಟ್ಟಿಕೊಂಡು ಹೋದ. ಆಗಲೂ ಅವಳು ಒಂದು ದಿನ ರಜೆ ಹಾಕಲಿಲ್ಲ. ತಟ್ಟೆಯಲ್ಲಿರುವ ಕೋಶ ಹಸಿದುಕೊಂಡು ಎರಡು ದಿನ ಕಾಯುವುದಿಲ್ಲ ನೋಡಿ.

ಅಲ್ಲಿ ನಡೆಯುವ ಕೆಲಸವಾದರೂ ಎಂಥದು! ಬೆಳೆದು ಚರ್ಮವಾಗಿ ಕುಳಿತ ಕೋಶವನ್ನು ಹಿಡಿದು, ಅದಕ್ಕೆ ನಾಲ್ಕು ಜೀನ್‌ಗಳ ಅಪ್ಪಣೆ ಕೊಟ್ಟು, ತಾನು ಚರ್ಮ ಎಂಬುದನ್ನೇ ಮರೆಸಿಬಿಡುವುದು. ಮರೆತ ಕೋಶ ಹಿಂದೆ ಹಿಂದೆ ಹೋಗಿ, ತಾಯಿಯ ಹೊಟ್ಟೆಯಲ್ಲಿ ಮೊದಲ ದಿನಗಳಲ್ಲಿ ಹೇಗಿತ್ತೋ ಹಾಗಾಗುತ್ತದೆ. ಕಾಂಡಕೋಶ ಎನ್ನುತ್ತಾರೆ. ಅಲ್ಲಿಂದ ಅದನ್ನು ಹೃದಯದ ಕೋಶವಾಗಿಸಬಹುದು, ನರದ ಕೋಶವಾಗಿಸಬಹುದು. ಆದರೆ ಸಾವಿರಾರು ಕೋಶಗಳಲ್ಲಿ ಹಿಂದಿರುಗುವುದು ಬೆರಳೆಣಿಕೆಯಷ್ಟು ಮಾತ್ರ. ಉಳಿದವು ಮೊಂಡು ಹಿಡಿಯುತ್ತವೆ, ಇಲ್ಲವೇ ಸಾಯುತ್ತವೆ. ಮೂರು ವಾರ ಕಾದರೆ ತಟ್ಟೆಯ ತಳದಲ್ಲಿ ಹತ್ತೋ ಹನ್ನೆರಡೋ ಪುಟ್ಟ ದುಂಡನೆಯ ಗುಂಪುಗಳು ಏಳುತ್ತವೆ. ಬೇರೆಯವರ ಕೈಯಲ್ಲಿ ಎಂಟು ಎದ್ದರೆ ಇವಳ ಕೈಯಲ್ಲಿ ಹದಿನಾಲ್ಕು. ಅದಕ್ಕೇ ಅವಳಿಗೆ 'ಕೈಗುಣದಕ್ಕ' ಎಂದು ಹೆಸರು ಬಿದ್ದದ್ದು. ಬೇರೆ ಕಡೆಯ ಸಂಶೋಧಕರು ಬಂದು ಅವಳು ಪಿಪೆಟ್ ಹಿಡಿಯುವುದನ್ನೇ ನಿಂತು ನೋಡಿ ಹೋಗಿದ್ದರು. ಆ ಹೆಸರನ್ನು ಅವಳು ಮೇಲಂಗಿಯಂತೆ ಧರಿಸಿಕೊಂಡೇ ಓಡಾಡುತ್ತಿದ್ದಳು.

ಆ ಕೋಣೆಯಲ್ಲಿ ಒಂದು ಪದ್ಧತಿಯಿತ್ತು. ರೋಗಿಯೊಬ್ಬನ ಕೋಶವನ್ನು ತಟ್ಟೆಗೆ ಹಾಕಿದಾಗಲೆಲ್ಲ ಪಕ್ಕದಲ್ಲಿ, ಹೋಲಿಸಿ ನೋಡಲು, ರೋಗವಿಲ್ಲದವರ ಕೋಶದ ತಟ್ಟೆಯೊಂದನ್ನು ಇಡಬೇಕು. ಜೊತೆತಟ್ಟೆ ಎನ್ನುತ್ತಿದ್ದರು. ರೋಗವಿಲ್ಲದವರನ್ನು ಎಲ್ಲಿಂದ ಹುಡುಕುವುದು? ಒಂಬತ್ತು ವರ್ಷದ ಹಿಂದೆ ಅಲ್ಲಿಯ ಕೆಲಸಗಾರರೇ ಮೂವರು ತೋಳಿನ ಒಳಬದಿಯಿಂದ ಕಾಳಿನಷ್ಟು ಚರ್ಮ ಕೊಟ್ಟಿದ್ದರು. ಹೆಸರಿಲ್ಲ, ಬರೀ ಒಂದು, ಎರಡು, ಮೂರು. ಯಾರು ಯಾವ ಸಂಖ್ಯೆ ಎಂಬ ಚೀಟಿ ಮುಚ್ಚಿದ ಲಕೋಟೆಯಲ್ಲಿ ಮೇಡಂ ಅವರ ಬೀರುವಿನಲ್ಲಿತ್ತು. ಮೇಡಂ ಅಂದರೆ ಆ ಸಂಶೋಧನಾಲಯದ ಮುಖ್ಯಸ್ಥೆ, ಆಸ್ಪತ್ರೆಯ ಡಾಕ್ಟರೂ ಹೌದು. ಕೊಟ್ಟವರು ತಮ್ಮ ಸಂಖ್ಯೆ ಬಾಯಿಬಿಡಬಾರದು ಎಂಬುದು ಕಟ್ಟಳೆ. ಕೋಶಗಳನ್ನು ಹೆಪ್ಪುಗಟ್ಟಿಸಿಡುವ, ಹೊಗೆಯಾಡುವ ಸಾರಜನಕದ ಟ್ಯಾಂಕುಗಳನ್ನು ನೋಡಿಕೊಳ್ಳುವ ಟ್ಯಾಂಕಣ್ಣ ಮಾತ್ರ, "ಒಂದನೇದು ನಾನೇ, ದಪ್ಪ ಚರ್ಮ, ಎಲ್ಲದಕ್ಕೂ ಮೊದಲು ನಾನೇ" ಎಂದು ಸಾರಿಕೊಂಡು ತಿರುಗುತ್ತಿದ್ದ. ಎರಡನೆಯವನು ನಿವೃತ್ತನಾಗಿ ಹೋಗಿದ್ದ. ಮೂರನೆಯದು ಇವಳದು.

ಮೂರನೆಯದು ಚೆನ್ನಾಗಿ ಏಳುತ್ತಿತ್ತು. ಎಷ್ಟು ಚೆನ್ನಾಗಿ ಎಂದರೆ, ಕ್ರಮೇಣ ಒಂದನ್ನೂ ಎರಡನ್ನೂ ಬಿಟ್ಟು ಎಲ್ಲರೂ ಮೂರನ್ನೇ ಕೇಳತೊಡಗಿದರು. ಆ ಕೋಣೆಯವರು ಮಾತ್ರ ಮಾಡಬಹುದಾದ ತಪ್ಪು ಅದು. ಯಾವುದು ಬೇಗ ಬೆಳೆಯುತ್ತದೋ ಅದೇ ಆರೋಗ್ಯವಂತರದು ಎಂದುಕೊಂಡರು. "ಮೂರನೇದು ಯಾರ್ದೋ ಏನೋ, ಹುಲಿ ಚರ್ಮ ಕಣಕ್ಕಾ" ಎಂದು ಟ್ಯಾಂಕಣ್ಣ ಅಂದಾಗ ಅವಳು ತುಟಿ ಬಿಗಿಹಿಡಿದು ನಗುತ್ತಿದ್ದಳು. ಬಾವಿ ತೋಡಿದವರ, ದೋಣಿ ನಡೆಸಿದವರ ರಕ್ತ, ಏಳದೆ ಏನು ಮಾಡೀತು ಎಂದು ಒಳಗೇ ಬೀಗುತ್ತಿದ್ದಳು.

ಆ ವರ್ಷ ಹೊಸ ಸಂಶೋಧಕಿಯೊಬ್ಬಳು ಸೇರಿದಳು. ಏನು ಕಂಡರೂ ಎಣಿಸುವ ಚಾಳಿ. ಮೆಟ್ಟಿಲು ಎಣಿಸುವಳು, ಬಿಸ್ಕತ್ತು ಎಣಿಸುವಳು. ಟ್ಯಾಂಕಣ್ಣ ಅವಳಿಗೆ 'ಎಣಿಕೆಯಮ್ಮ' ಎಂದು ಹೆಸರಿಟ್ಟ, ಅದೇ ಉಳಿಯಿತು. ಅವಳು ಒಂಬತ್ತು ವರ್ಷದ ಜೊತೆತಟ್ಟೆಗಳ ಹಳೆಯ ಚಿತ್ರಗಳನ್ನೆಲ್ಲ ತೆಗೆದು, ಎದ್ದ ಗುಂಪುಗಳನ್ನು ಒಂದೊಂದಾಗಿ ಎಣಿಸಿದಳು. ಯಾರೂ ಹೇಳದ ಕೆಲಸ ಅದು. ವಾರದ ಸಭೆಯಲ್ಲಿ ಎದ್ದು ನಿಂತಳು.

"ಮೇಡಂ, ಒಂದು ತಟ್ಟೆಗೆ ಸರಾಸರಿ ಗುಂಪು, ಒಂದನೇದು ಹದಿಮೂರು, ಎರಡನೇದು ಹನ್ನೊಂದು. ಮೂರನೇದು ಅರವತ್ತೆಂಟು."

"ಅಕ್ಕನ ಕೈಗುಣ" ಎಂದ ಟ್ಯಾಂಕಣ್ಣ, ಚಹಾ ಹೀರುತ್ತಾ.

"ಮೂರನ್ನೂ ಬೆಳೆಸಿದ್ದು ಅಕ್ಕನ ಕೈಯೇ ಅಲ್ವಾ ಅಣ್ಣಾ? ಹಾಗಾದ್ರೆ ನಿಮ್ಮ ಒಂದನೇದಕ್ಕೆ ಯಾಕೆ ಹತ್ತಲಿಲ್ಲ ಕೈಗುಣ?"

ಎಲ್ಲರೂ ನಕ್ಕರು. ಕೈಗುಣದಕ್ಕನೂ ನಕ್ಕಳು. ನಗುತ್ತಿರುವಾಗಲೇ ಗೋಡೆಯ ಮೇಲೆ ಎರಡು ಚಿತ್ರ ಬಂದವು.

"ಎಡಕ್ಕಿರೋದು ಟ್ಯಾಂಕಣ್ಣಂದು, ಆದ್ರೆ ನಾನು ಅದರಲ್ಲಿ ಪಿ-ಐವತ್ತಮೂರು ಜೀನನ್ನ ಅರ್ಧ ಅಡಗಿಸಿದ್ದೀನಿ. ಹದಿಮೂರಿದ್ದದ್ದು ಅರವತ್ತಾಯ್ತು. ಬಲಕ್ಕಿರೋದು ಮೂರನೇದು. ಅದಕ್ಕೆ ನಾನು ಏನೂ ಮಾಡಿಲ್ಲ. ಎರಡೂ ಒಂದೇ ಥರ ಕಾಣ್ತಿಲ್ವಾ?"

ಒಂದೇ ಥರ ಕಾಣುತ್ತಿತ್ತು. ಅವಳಿಗಂತೂ ಎಲ್ಲರಿಗಿಂತ ಮೊದಲೇ ಕಂಡಿತು. ಇಪ್ಪತ್ತು ವರ್ಷ ತಟ್ಟೆ ನೋಡಿದ ಕಣ್ಣು.

ಆ ಜೀನಿನ ವಿಷಯ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗಡ್ಡೆಯಾಗದಂತೆ ತಡೆಯುವ ಜೀನ್‌ಗಳು ಕೆಲವಿವೆ. ಅವುಗಳಲ್ಲಿ ಇದು ಹಿರಿಯ ಕಾವಲುಗಾರ. ಕೋಶವೊಂದು ತನ್ನ ಸ್ವಭಾವ ಬಿಟ್ಟು ಬೇರೆ ದಾರಿ ಹಿಡಿಯಲು ಹೊರಟರೆ ಅಡ್ಡ ನಿಂತು, ನಿಲ್ಲು, ನಿನ್ನ ಮೈಯೆಲ್ಲ ನೆಟ್ಟಗಿದೆಯಾ ನೋಡೋಣ ಎನ್ನುತ್ತದೆ. ಪೆಟ್ಟು ತಿಂದಿದ್ದರೆ ರಿಪೇರಿ ಮಾಡಿಸುತ್ತದೆ, ಆಗದಿದ್ದರೆ ಕೊಂದೇಬಿಡುತ್ತದೆ. ಚರ್ಮದ ಕೋಶ ಕಾಂಡಕೋಶವಾಗಲು ಅಷ್ಟು ಒದ್ದಾಡುವುದೂ ಈ ಕಾವಲುಗಾರ ದಾರಿ ಬಿಡದ ಕಾರಣಕ್ಕೇ. ಕಾವಲು ಸಡಿಲಿಸಿದರೆ ದಂಡುದಂಡಾಗಿ ದಾಟುತ್ತವೆ. ಆದರೆ ದಾಟುವವುಗಳಲ್ಲಿ ಒಳಗೆ ಒಡಕುಬಿದ್ದವೂ ಇರುತ್ತವೆ. ಕ್ಯಾನ್ಸರ್ ಆಗುವುದು ಅಂಥವೇ. ತಟ್ಟೆಯಲ್ಲಿ ಯಾವುದನ್ನು ಕಂಡು ಭೇಷ್ ಅನ್ನುತ್ತೇವೋ ಅದೇ ಮೈಯೊಳಗೆ ನಡೆದರೆ ಯಮ.

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ತಟ್ಟೆಯಲ್ಲಿ ಬೆಳೀತಾ ಬೆಳೀತಾ ಕೋಶ ಕೆಟ್ಟಿರಬಹುದು. ಒಂಬತ್ತು ವರ್ಷ ಮತ್ತೆ ಮತ್ತೆ ಬೆಳೆಸಿದ್ದೀವಿ. ಕೊಟ್ಟವರ ಮೈಯಲ್ಲೇ ಹೀಗಿತ್ತು ಅಂತ ಹೇಳೋಕಾಗಲ್ಲ."

"ಅದಕ್ಕೇ ಅದರ ಜೀನ್ ಓದಿಸೋಕೆ ಕಳಿಸಿದ್ದೀನಿ ಮೇಡಂ. ನಾಲ್ಕು ವಾರಕ್ಕೆ ವರದಿ ಬರುತ್ತೆ."

"ಅಲ್ಲೀವರೆಗೂ ನಾನು ಲಕೋಟೆ ಒಡೆಯಲ್ಲ" ಎಂದರು ಮೇಡಂ, ಯಾರ ಮುಖವನ್ನೂ ನೋಡದೆ. "ಮೂರನೆಯವರು ಬರಬೇಕು ಅನ್ನಿಸಿದ್ರೆ ಅವರೇ ನನ್ನ ಹತ್ರ ಬರಲಿ. ಅಕ್ಕಾ, ನೀವು ಯಾಕೆ ಹಾಗೆ ಕೂತಿದ್ದೀರಿ?"

"ಚಹಾ ಆರೋಯ್ತು ಮೇಡಂ" ಎಂದಳು.

ಆರಿದ್ದು ಚಹಾ ಒಂದೇ ಅಲ್ಲ. ಬೆರಳ ತುದಿಯೆಲ್ಲ ತಣ್ಣಗಾಗಿತ್ತು. ಕೋಣೆಗೆ ಹೋಗಿ ಕಾವುಪೆಟ್ಟಿಗೆಯ ಬಾಗಿಲಿಗೆ ಅಂಗೈ ಒತ್ತಿ ನಿಂತಳು. ಗಾಜಿನ ಆಚೆ ಅವಳದೇ ಚರ್ಮ ಅವಳ ಅಪ್ಪಣೆಯಿಲ್ಲದೆ ಉಬ್ಬುತ್ತಿತ್ತು. ತಾನು ಕೈಯಾರೆ ಉಣಿಸಿ ಬೆಳೆಸಿದ್ದು. ಗಾಳಿ, ಹುಟ್ಟು, ಬಣ್ಣ, ಮಣ್ಣು ಎಂದು ಬೇರೆಬೇರೆಯಾಗಿ ಮಲಗಿದ್ದ ನಾಲ್ವರೂ ಆ ಕ್ಷಣದಲ್ಲಿ ಎದ್ದು ಸಾಲಾಗಿ ನಿಂತಂತಾಯಿತು. ಸಾಲಿನ ಕೊನೆಗೆ ತಾನು. ತನ್ನ ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸಿತು. ಮಗಳು.

ಅಲ್ಲಿಂದ ಮುಂದೆ ಅವಳಿಗೆ ತನ್ನ ಮೈಯ ಚಿಂತೆ ಬರಲೇ ಇಲ್ಲ ಎಂದರೆ ಸುಳ್ಳಾದೀತು. ಸ್ನಾನ ಮಾಡುವಾಗ ಕೈ ತಾನಾಗಿ ಕಂಕುಳು, ಎದೆ, ಹೊಟ್ಟೆ ತಡಕುತ್ತಿತ್ತು. ತಲೆ ನೋಯುವ ಮೊದಲೇ ತಲೆನೋವಿಗೆ ಹೆದರುತ್ತಿದ್ದಳು. ಆದರೆ ಈ ಹೆದರಿಕೆಗೆ ಒಂದು ತಳವಿತ್ತು, ಕಾಲೂರಬಹುದಿತ್ತು. ಮಗಳ ವಿಷಯದ ಹೆದರಿಕೆಗೆ ತಳವೇ ಇರಲಿಲ್ಲ. ಒಂದು ಜೀನಿಗೆ ಎರಡು ಪ್ರತಿ, ತಾಯಿಯದೊಂದು, ತಂದೆಯದೊಂದು. ಒಂದು ಮುರಿದಿದ್ದರೆ, ಮಗುವಿಗೆ ಮುರಿದದ್ದು ಹೋಗಿರುವುದು ಹೋಗದಿರುವುದು ಸರಿಸಮ. ಇಪ್ಪತ್ತನಾಲ್ಕು ವರ್ಷದ ಹಿಂದೆಯೇ ತೀರ್ಮಾನವಾಗಿ ಹೋದ ಸಂಗತಿ. ಈಗ ಏನು ಮಾಡಿದರೂ ಬದಲಾಗದು.

ನಾಲ್ಕನೇ ದಿನ ತಡೆಯಲಾರದೆ ನಡುಮಧ್ಯಾಹ್ನ ಮಗಳ ಅಂಗಡಿಗೆ ಹೋದಳು. ಕೂದಲು ಕತ್ತರಿಸುವ ಅಂಗಡಿ. ಮೂರು ಕುರ್ಚಿ, ಗೋಡೆಯುದ್ದ ಕನ್ನಡಿ, ನೆಲದ ಮೇಲೆ ಇನ್ನೂ ಗುಡಿಸದ ಕೂದಲು.

"ಅಯ್ಯೋ, ಏನಮ್ಮಾ ಈ ಹೊತ್ತಲ್ಲಿ? ನಿನ್ನ ತಟ್ಟೆ ಮಕ್ಕಳು ಹಸಿದು ಅಳಲ್ವಾ?" ಎಂದಳು ಮಗಳು.

"ತಲೆ ತೊಳಿ ಬಾ. ಗಿರಾಕಿ ಇಲ್ಲ ತಾನೆ?"

"ಗಿರಾಕಿ ಇಲ್ಲ ಅಂತ ಎಲ್ಲರ ಮುಂದೆ ಯಾಕೆ ಕೂಗ್ತೀಯಾ? ಕೂತ್ಕೋ."

ಬೆಚ್ಚಗಿನ ನೀರು ತಲೆಗೆ ಬಿತ್ತು. ಮಗಳ ಬೆರಳು ನೆತ್ತಿಯನ್ನು ತಿಕ್ಕತೊಡಗಿದವು. ಕಣ್ಣು ಮುಚ್ಚಿಯೇ ಕೇಳಿದಳು, "ಮೈಯಲ್ಲಿ ಎಲ್ಲಾದ್ರೂ ನೋವಿದೆಯೇನೇ?"

"ಇದೆ. ಕಾಲು."

ತಲೆ ತೊಳೆಯುವ ಬೋಗುಣಿಯಿಂದ ತಲೆಯೆತ್ತಿಬಿಟ್ಟಳು. ಸೋಪಿನ ನೀರು ಕಣ್ಣಿಗೆ ಇಳಿಯಿತು. "ಯಾವ ಕಾಲು? ತೊಡೆನಾ? ಒಂದೇ ಕಾಲಾ?"

"ಎರಡೂ ಕಣಮ್ಮಾ, ಹಂಚ್ಕೊಂಡು ನೋಯ್ತವೆ. ದಿನವೆಲ್ಲಾ ನಿಂತಿರೋಳಿಗೆ ಕಾಲು ನೋಯದೆ ಮೂಗು ನೋಯುತ್ತಾ? ಮಲಗು, ನೆಲವೆಲ್ಲಾ ಒದ್ದೆ ಮಾಡ್ಬೇಡ."

ತೊಳೆದಾದ ಮೇಲೆ ಮಗಳು ಬಗ್ಗಿ ಟವೆಲು ಸುತ್ತುವಾಗ ಇವಳ ಕೈ ಮಗಳ ಕುತ್ತಿಗೆಗೆ ಹೋಯಿತು. ಕಿವಿಯ ಕೆಳಗೆ, ದವಡೆಯ ಅಂಚಿನಲ್ಲಿ, ಭುಜದ ಮೂಳೆಯ ಗುಳಿಯಲ್ಲಿ ಮೆಲ್ಲಗೆ ಒತ್ತಿ ಒತ್ತಿ ನೋಡಿತು.

"ಏನು ಹುಡುಕ್ತಿದ್ದೀಯಾ, ಹೇನಾ? ನನ್ನ ಅಂಗಡೀಲೇ ನನ್ನ ಮಾನ ಹರಾಜಿಗೆ ಹಾಕ್ತೀಯಾ?" ಮಗಳು ಕಿಸಕ್ಕನೆ ನಕ್ಕು ತಪ್ಪಿಸಿಕೊಂಡಳು. ಆಮೇಲೆ ಕನ್ನಡಿಯಲ್ಲಿ ಅಮ್ಮನ ಮುಖ ನೋಡಿದಳು. "ನಿನಗೆ ಹೇಗೆ ಗೊತ್ತಾಯ್ತು? ನಿನ್ನ ಅಳಿಯ ಹೇಳಿದ್ನಾ?"

ಅವಳು ಟವೆಲು ತಲೆಯಿಂದ ಕಿತ್ತು ತಿರುಗಿದಳು. "ಏನು?"

"ಇನ್ನೂ ಏನಿಲ್ಲ, ಗಾಬರಿ ಬೀಳ್ಬೇಡ. ಈ ವರ್ಷ ಒಂದು ಮಗು ಮಾಡ್ಕೊಳ್ಳೋಣ ಅಂತ ಮಾತಾಡ್ಕೋತಿದ್ವಿ, ಅಷ್ಟೇ. ಅಜ್ಜಿ ಆಗೋದಕ್ಕೆ ತಯಾರಿ ಮಾಡ್ಕೋ. ಅಯ್ಯೋ, ಯಾಕಮ್ಮಾ ಅಳ್ತಿದ್ದೀಯಾ?"

"ನಿನ್ನ ಸೋಪು" ಎಂದಳು. "ಕಣ್ಣಿಗೆ ಹೋಯ್ತು."

ಹೇಳಲು ಬಂದಿದ್ದವಳು ಹೇಳದೆ ಎದ್ದು ಬಂದಳು. ಬಸ್ಸಿನ ಕಂಬಿ ಹಿಡಿದು ನಿಂತಿದ್ದಾಗ ಮೇಡಂ ಆಡಿದ ಮಾತು ತಲೆಯಲ್ಲಿ ಸುಳಿಯಿತು. ತಟ್ಟೆಯಲ್ಲಿ ಬೆಳೀತಾ ಬೆಳೀತಾ ಕೋಶ ಕೆಟ್ಟಿರಬಹುದು. ಹೌದಲ್ಲ! ಕೆಡಿಸಿದ್ದು ತಾನೇ ಆಗಿರಬಹುದು. ಎಂದೋ ದ್ರವ ಬದಲಿಸುವುದು ತಡವಾಗಿರಬಹುದು, ಎಂದೋ ತಟ್ಟೆ ತುಂಬಿ ತುಳುಕುವವರೆಗೂ ಬಿಟ್ಟಿರಬಹುದು. ಇಪ್ಪತ್ತೆಂಟು ವರ್ಷದಲ್ಲಿ ಒಂದು ತಪ್ಪೂ ಮಾಡದವಳು ಎಂದು ಎದೆಯುಬ್ಬಿಸಿ ನಡೆದವಳು, ಆ ಬಸ್ಸಿನಲ್ಲಿ ನಿಂತು, ತನ್ನ ಕೈ ತಪ್ಪಿರಲಿ ಎಂದು ಬೇಡಿಕೊಂಡಳು. ಕೈಗುಣ ಎಂಬುದೇ ಬುರುಡೆಯಾಗಲಿ. ಹೆಸರು ಮಣ್ಣುಪಾಲಾಗಲಿ. ಮಗಳು ಉಳಿಯಲಿ.

ಪರೀಕ್ಷಿಸಲು ಒಂದು ದಾರಿಯಿತ್ತು. ಚರ್ಮ ಕೊಟ್ಟ ವಾರವೇ ಹೆಪ್ಪುಗಟ್ಟಿಸಿಟ್ಟ ಮೊಟ್ಟಮೊದಲ ಟ್ಯೂಬು ಟ್ಯಾಂಕಿನ ತಳದಲ್ಲಿ ಇನ್ನೂ ಇತ್ತು. ಅದು ತಟ್ಟೆಯ ಬಾಳು ಕಂಡದ್ದು ಕೆಲವೇ ದಿನ, ಕೆಡಲು ಹೊತ್ತೇ ಇರಲಿಲ್ಲ. ಅದನ್ನು ಬೆಳೆಸಿ ನೋಡಿದರೆ ನಿಜ ಹೊರಬೀಳುತ್ತದೆ. ಹದಿಮೂರು ಎದ್ದರೆ ಮಗಳು ಪಾರು. ಅರವತ್ತು ಎದ್ದರೆ...

ಮರುದಿನ ಟ್ಯಾಂಕಣ್ಣನ ಮುಂದೆ ನಿಂತಳು. "ಜೊತೆತಟ್ಟೆಗಳ ಮೊದಲ ಟ್ಯೂಬು ಬೇಕಣ್ಣಾ. ಒಂದನೇದು, ಮೂರನೇದು, ಅವೆರಡೇ."

"ಅದು ತೆಗೆಯೋಕೆ ಮೇಡಂ ಸಹಿ ಬೇಕಲ್ಲಕ್ಕಾ."

"ಬೇಕು."

ಟ್ಯಾಂಕಣ್ಣ ತಮಾಷೆಯ ಮನುಷ್ಯ, ಮಾತು ಬಾಯಲ್ಲೇ ಇರುವವನು. ಅವಳ ಮುಖ ನೋಡಿದ. ದಪ್ಪ ಕೈಗವಸು ಹಾಕಿಕೊಂಡು ಟ್ಯಾಂಕಿನ ಮುಚ್ಚಳ ಎತ್ತಿದ. ಬಿಳಿ ಹೊಗೆ ಇಬ್ಬರ ಮೊಣಕಾಲವರೆಗೂ ಹರಿಯಿತು. "ಸಹಿ ಆಮೇಲೆ ನಾನೇ ಹಾಕಿಸ್ಕೋತೀನಿ" ಎಂದಷ್ಟೇ ಹೇಳಿ, ತಳದ ಪೆಟ್ಟಿಗೆಯಿಂದ ಎರಡು ಪುಟ್ಟ ಟ್ಯೂಬುಗಳನ್ನು ಅವಳ ಕೈಗಿಟ್ಟ. ಯಾಕೆ, ಏನು ಎಂದು ಕೇಳಲಿಲ್ಲ. ಹುಲಿ ಚರ್ಮದ ಮಾತನ್ನು ಅವನು ಮತ್ತೆಂದೂ ಎತ್ತಲಿಲ್ಲ.

ಎರಡನ್ನೂ ಕರಗಿಸಿ, ನಾಲ್ಕು ದಿನ ಬೆಳೆಸಿ, ನಾಲ್ಕು ಜೀನ್‌ಗಳ ಅಪ್ಪಣೆ ಕೊಟ್ಟು ಅಕ್ಕಪಕ್ಕದಲ್ಲಿಟ್ಟಳು. ಎಡಗಡೆ ಒಂದು, ಬಲಗಡೆ ಮೂರು. ಒಂದೇ ದ್ರವ, ಒಂದೇ ಕಾವು, ಒಂದೇ ಕೈ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಮೊದಲು ಎಡಗಡೆಯದನ್ನು ನೋಡುವಳು. ಬಲಗಡೆಯದನ್ನು ಸೂಕ್ಷ್ಮದರ್ಶಕದ ಅಡಿ ಇಟ್ಟ ಮೇಲೂ ಕಣ್ಣಿಡಲು ಧೈರ್ಯ ಬರುತ್ತಿರಲಿಲ್ಲ. ಅಲ್ಲೇ ಕುರ್ಚಿಯಲ್ಲಿ ಕೂತು ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಬಿಡುವಳು.

ಮೂರನೇ ದಿನ ಏನಿಲ್ಲ. ಐದನೇ ದಿನ ಎರಡು ತಟ್ಟೆಯಲ್ಲೂ ಕೋಶಗಳು ಸಾಯುತ್ತಿದ್ದವು, ಬಲಗಡೆಯದರಲ್ಲೂ. ಸಾಯುತ್ತಿರುವ ತನ್ನ ಚರ್ಮ ಕಂಡು ಅಷ್ಟು ಸಂತೋಷಪಟ್ಟ ಮನುಷ್ಯರು ಇನ್ನೊಬ್ಬರಿರಲಾರರು. ಸಾಯಿರಿ, ಇನ್ನಷ್ಟು ಸಾಯಿರಿ, ಕಾವಲುಗಾರ ಎಚ್ಚರವಾಗಿದ್ದಾನೆ ಎಂದುಕೊಂಡಳು. ಆ ಸಂಜೆ ಮಗಳಿಗೆ ಫೋನು ಮಾಡಿ ಸುಮ್ಮನೆ ಹರಟಿದಳು. ಏಳನೇ ದಿನ ಬಲಗಡೆಯ ಒಂದು ಮೂಲೆಯಲ್ಲಿ ಕೋಶಗಳು ಒತ್ತೊತ್ತಾಗಿ ಕೂತಂತೆ ಕಂಡಿತು. ಧೂಳಿರಬೇಕು ಅಂದುಕೊಂಡಳು. ತಾನು ಮುಚ್ಚಳ ತೆಗೆದ ತಟ್ಟೆಯಲ್ಲಿ ಧೂಳು ಬೀಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಅಂದುಕೊಂಡಳು.

ಹತ್ತನೇ ದಿನ ಎಡಗಡೆಯದರಲ್ಲಿ ಇನ್ನೂ ಏನೂ ಎದ್ದಿರಲಿಲ್ಲ. ಬಲಗಡೆಯದನ್ನು ನೋಡಿದಳು. ದುಂಡಗೆ, ಅಂಚು ಹೊಳೆಯುವಂತೆ, ಒಂದು. ಅದರ ಪಕ್ಕ ಇನ್ನೊಂದು. ತಟ್ಟೆಯನ್ನು ಒಂದಿಷ್ಟು ಸರಿಸಿದಳು, ಮತ್ತೆ ಮೂರು. ಸರಿಸಿದಷ್ಟೂ ಇದ್ದವು. ಮೊದಲಾಗಿದ್ದರೆ ಇಡೀ ಪಡಸಾಲೆ ಕೇಳುವಂತೆ ಕೂಗಿ ಕರೆಯುತ್ತಿದ್ದಳು. ಈಗ ತಟ್ಟೆಯನ್ನು ಮತ್ತೆ ಮೊದಲ ಜಾಗಕ್ಕೇ ಸರಿಸಿದಳು. ತನ್ನ ಮೈಯೊಳಗೆ ಇದೇ ಚರ್ಮ, ಇದೇ ಕೋಶ. ಮಗಳ ಮೈಯೊಳಗೂ ಇದೇನಾ?

"ಅಕ್ಕಾ."

ಬಾಗಿಲಲ್ಲಿ ಎಣಿಕೆಯಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಏನೋ. ಹತ್ತಿರ ಬಂದು, ಕೇಳದೆ, ಕನ್ನಡಕ ಹಣೆಗೇರಿಸಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಅವಳ ತುಟಿ ಅಭ್ಯಾಸದಂತೆ ಎಣಿಸಲು ಶುರುಮಾಡಿ, ಆರಕ್ಕೋ ಏಳಕ್ಕೋ ಥಟ್ಟನೆ ನಿಂತುಹೋಯಿತು.

"ಇದು ಮೊದಲ ಟ್ಯೂಬು" ಎಂದಳು ಕೈಗುಣದಕ್ಕ. "ಇದನ್ನೂ ಓದಿಸೋಕೆ ಕಳಿಸು."

"ಮೂರು ನೀವಾ ಅಕ್ಕಾ?"

"ಎಣಿಸೋದು ಯಾಕೆ ನಿಲ್ಲಿಸಿದೆ? ಎಣಿಸು."

"ನಾನು ಯಾಕಾದ್ರೂ ಆ ಹಳೇ ಚಿತ್ರ ತೆಗೆದೆನೋ!" ಹುಡುಗಿಯ ಕಣ್ಣು ತುಂಬಿ ಬಂತು. "ನಾನು ಸುಮ್ಮನಿರಬೇಕಿತ್ತು."

"ಸುಮ್ಮನಿದ್ದಿದ್ರೆ ನಾನು ಇನ್ನೂ ಹತ್ತು ವರ್ಷ ಇದಕ್ಕೆ ಭೇಷ್ ಅಂತಿದ್ದೆ. ಕಣ್ಣೊರೆಸ್ಕೋ, ತಟ್ಟೆ ಮೇಲೆ ಬೀಳಿಸ್ಬೇಡ."

ಎರಡೂ ವರದಿಗಳು ಬಂದ ದಿನ ಅವಳೇ ಹೋಗಿ ಮೇಡಂ ಅವರ ಬಾಗಿಲು ತಟ್ಟಿದಳು. ಲಕೋಟೆ ಮೇಜಿನ ಮೇಲೆ ಒಡೆಯದೆ ಬಿದ್ದಿತ್ತು. "ಅದನ್ನ ಒಡೀಬೇಡಿ, ಮೂರು ನಾನೇ" ಎಂದು ಕುರ್ಚಿ ಎಳೆದುಕೊಂಡು ಕೂತಳು. ಮುತ್ತಜ್ಜನಿಂದ ಹಿಡಿದು ತಮ್ಮನವರೆಗೆ ನಾಲ್ವರನ್ನೂ, ಅವರವರ ವಯಸ್ಸಿನ ಸಮೇತ ಹೇಳಿದಳು, ಮಗಳು ಮಗು ಬಯಸಿರುವುದನ್ನೂ ಹೇಳಿದಳು. ಮೇಡಂ ಬರೆದುಕೊಳ್ಳಲು ಪೆನ್ನು ತೆಗೆದವರು ತಮ್ಮನ ಹತ್ತಿರ ಬರುವಷ್ಟರಲ್ಲಿ ಪೆನ್ನು ಕೆಳಗಿಟ್ಟಿದ್ದರು.

ಎರಡು ವರದಿಯಲ್ಲೂ ಅದೇ ಜೀನು, ಅದೇ ಜಾಗ, ಅದೇ ಮುರುಕು. ಎರಡು ಪ್ರತಿಯಲ್ಲಿ ಒಂದು ಮುರಿದಿದೆ, ಇನ್ನೊಂದು ಒಂಟಿಯಾಗಿ ಕಾವಲು ಕಾಯುತ್ತಿದೆ. ಕೆಟ್ಟದ್ದು ತಟ್ಟೆಯಲ್ಲ. ಅವಳ ಕೈ ಎಂದೂ ತಪ್ಪಿರಲಿಲ್ಲ. ಅದನ್ನು ಕೇಳಿ ಅವಳಿಗೆ ಬಿಕ್ಕುವಷ್ಟು ದುಃಖ ಬಂತು.

"ಆಸ್ಪತ್ರೇಲಿ ರಕ್ತ ಪರೀಕ್ಷೆ ಮಾಡಿ ಖಚಿತ ಮಾಡ್ಕೋಬೇಕು" ಎಂದರು ಮೇಡಂ. "ಇದು ಇದೆ ಅಂದ ಮಾತ್ರಕ್ಕೆ ಎಲ್ಲರಿಗೂ ಬಂದೇ ಬರುತ್ತೆ ಅಂತಲ್ಲ, ಅಪಾಯ ಮಾತ್ರ ಬಹಳ ಹೆಚ್ಚು. ವರ್ಷಕ್ಕೊಮ್ಮೆ ಪೂರ್ತಿ ಮೈ ನೋಡಿಸಿದ್ರೆ, ಬಂದ್ರೂ ಚಿಕ್ಕದಿದ್ದಾಗಲೇ ಹಿಡೀಬಹುದು. ನಿಮ್ಮ ಹಿರಿಯರಿಗೆ ಆ ದಾರಿ ಇರ್ಲಿಲ್ಲ. ನಿಮಗಿದೆ, ಮಗಳಿಗೂ ಇದೆ."

"ಮಾಡಿಸ್ತೀನಿ. ಬೆಳಿಗ್ಗೆಯೇ ರಕ್ತ ಕೊಡ್ತೀನಿ."

"ಒಂಬತ್ತು ವರ್ಷ ನಿಮ್ಮ ಚರ್ಮ ಇಟ್ಕೊಂಡು ಕೆಲಸ ಮಾಡಿದ್ವಿ. ಇಷ್ಟು ಜೋರಾಗಿ ಯಾಕೆ ಏಳುತ್ತೆ ಅಂತ ಒಬ್ಬರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ." ಮೇಡಂ ಎದ್ದು ಕಿಟಕಿಯ ಹತ್ತಿರ ಹೋದರು, ಮತ್ತೆ ಬಂದು ಕೂತರು. "ಮಗಳಿಗೆ ನಾನು ಹೇಳ್ತೀನಿ ಅಕ್ಕಾ. ಇದು ನನ್ನ ದಿನನಿತ್ಯದ ಕೆಲಸ. ನೂರಾರು ಮನೆಯವರಿಗೆ ಹೇಳಿದ್ದೀನಿ, ಎಲ್ಲಿ ನಿಲ್ಲಿಸ್ಬೇಕು, ಯಾವ ಮಾತು ಮೊದಲು ಆಡ್ಬೇಕು, ನನಗೆ ಗೊತ್ತು. ಮಗು ಬೇಕು ಅಂತಿದ್ದಾಳೆ ಅಂದ್ರಲ್ಲ, ಅದಕ್ಕೂ ಏನೇನು ದಾರಿ ಇದೆ ಅಂತ ತಿಳಿಸ್ಬೇಕು. ನನ್ನ ಕಾರಿದೆ, ಈಗಲೇ ಇಬ್ಬರೂ ಹೋಗೋಣ. ನೀವು ಪಕ್ಕದಲ್ಲಿ ಕೂತಿದ್ರೆ ಸಾಕು, ಒಂದು ಮಾತೂ ಆಡ್ಬೇಕಾಗಿಲ್ಲ."

ಅವಳು ಮೇಲಂಗಿ ಬಿಚ್ಚಿ ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಮಡಿಕೆ ನೆಟ್ಟಗಾಗಲಿಲ್ಲ, ಹಾಗೇ ಬಿಟ್ಟಳು.

"ಬೇಡ ಮೇಡಂ. ನಿಮಗೆ ಹೇಳೋಕೆ ಚೆನ್ನಾಗಿ ಬರುತ್ತೆ, ಅದಕ್ಕೇ ಬೇಡ. ನೀವು ಹೇಳಿದ್ರೆ ಅವಳು ಮರ್ಯಾದೆಗೆ ತಲೆಯಾಡಿಸ್ಕೊಂಡು ಕೂತ್ಬಿಡ್ತಾಳೆ, ಹೂಂ ಡಾಕ್ಟ್ರೇ, ಸರಿ ಡಾಕ್ಟ್ರೇ ಅಂತ. ನಾನು ಹೇಳಿದ್ರೆ ಕೂಗಾಡ್ತಾಳೆ. ಇದನ್ನ ಯಾಕೆ ನನಗೆ ಕೊಟ್ಟೆ ಅಂತ ಕೇಳ್ತಾಳೆ, ಕೈಲಿರೋದನ್ನ ಬಿಸಾಕ್ತಾಳೆ. ಅವಳು ಕೂಗಾಡೋಕೆ ಎದುರಿಗೆ ನಾನಿರ್ಬೇಕು, ಬೇರೆ ಯಾರೂ ಇರ್ಬಾರ್ದು. ಹೆದರಿಕೆ ಇದೆ ನನಗೆ, ಇಲ್ಲ ಅನ್ನಲ್ಲ. ದಾರಿ ಗೀರಿ ಏನಿದೆಯೋ ಅದನ್ನ ಅವಳೇ ಬಂದು ನಿಮ್ಮನ್ನ ಕೇಳ್ತಾಳೆ, ಆಗ ಹೇಳಿ. ಇವತ್ತು ಬರ್ಬೇಡಿ. ಕಾರೂ ಬೇಡ, ಬಸ್ಸಿದೆ."